ಇಕ್ಕಳ ಯಾರ ಕೈಯಲ್ಲಿತ್ತು

ನಮ್ಮ ಮನೆಯಲ್ಲಿ ಗಂಡ ಹಿಡಿಯುತ್ತಿದ್ದ, ನಾನು ಬಡಿಯುತ್ತಿದ್ದೆ. ಕಬ್ಬಿಣದ ಕೆಲಸದ ಮನೆಗಳಲ್ಲಿ ನಮ್ಮ ಕಡೆ ಹೀಗೇ. ಮದುವೆಯಾಗಿ ಸರಸಂಬಾಕ್ಕೆ ಬಂದ ಹೊಸದರಲ್ಲೇ ಅತ್ತೆ ದೊಡ್ಡ ಸುತ್ತಿಗೆಯನ್ನು ನನ್ನ ಕೈಗೆ ಕೊಟ್ಟು ತಾನು ಹೋಗಿ ಗೋಡೆಗೆ ಬೆನ್ನು ಹಚ್ಚಿ ಕುಳಿತಳು. ಅವತ್ತು ಅವಳ ಮುಖದಲ್ಲಿ ಕಂಡ ಸಂತೋಷ ಮುಂದೆ ಮೊಮ್ಮಗಳು ಹುಟ್ಟಿದಾಗಲೂ ಕಾಣಲಿಲ್ಲ.

"ಸೀರಿ ಮ್ಯಾಲ ಸಿಗಿಸು, ಕಾಲು ಅಗಲ ಇಟ್ಟು ನಿಂದ್ರು," ಎಂದಳು. "ನೀ ಏನೂ ವಿಚಾರ ಮಾಡಬ್ಯಾಡ. ಅಂವ ತೋರಿಸಿದಲ್ಲಿ ಹಾಕು."

ತೋರಿಸುವುದು ಬಾಯಿಂದಲ್ಲ. ಕುಲುಮೆಯ ಮುಂದೆ ಮಣೆಯ ಮೇಲೆ ಗಂಡಸು ಕೂರುತ್ತಾನೆ. ಎಡಗೈಯಲ್ಲಿ ಇಕ್ಕಳ, ಇಕ್ಕಳದ ಬಾಯಲ್ಲಿ ಕೆಂಪಗೆ ಕಾದ ಕಬ್ಬಿಣ. ಬಲಗೈಯಲ್ಲಿ ಸಣ್ಣ ಸುತ್ತಿಗೆ. ಕಬ್ಬಿಣವನ್ನು ಅಡಿಗಲ್ಲಿನ ಮೇಲಿಟ್ಟು ಸಣ್ಣ ಸುತ್ತಿಗೆಯಿಂದ ಒಂದು ಕಡೆ ತಟ್ಟುತ್ತಾನೆ. ಅವನು ತಟ್ಟಿದ ಜಾಗಕ್ಕೇ ಎದುರು ನಿಂತವಳು ದೊಡ್ಡ ಸುತ್ತಿಗೆ ಹಾಕಬೇಕು. ಮೆಲ್ಲಗೆ ತಟ್ಟಿದರೆ ಮೆಲ್ಲಗೆ, ಜೋರಾಗಿ ತಟ್ಟಿದರೆ ಜೋರಾಗಿ. ಬರೀ ಅಡಿಗಲ್ಲಿನ ಮೇಲೆ ಟಣ್ ಎಂದರೆ ನಿಲ್ಲಿಸಬೇಕು. ಏನು ತಯಾರಾಗುತ್ತಿದೆ ಎಂದು ಬಡಿಯುವವಳು ನೋಡುವ ಹಾಗಿಲ್ಲ. ನೋಡಿದರೆ ಏಟು ತಪ್ಪುತ್ತದೆ, ಏಟು ತಪ್ಪಿದರೆ ಹಿಡಿದವನ ಕೈ ಮುರಿಯುತ್ತದೆ. ನನ್ನ ಗಂಡ ನನ್ನ ಜೊತೆ ಜಾಸ್ತಿ ಮಾತಾಡಿದ್ದು ಆ ಸಣ್ಣ ಸುತ್ತಿಗೆಯಿಂದಲೇ. ಉಳಿದಂತೆ ಊಟಕ್ಕೆ ನೀಡು, ನೀರು ತಾ. ಎದುರಿಗೆ ಅವನನ್ನು ನೀವು ಎನ್ನುತ್ತೇನೆ. ಬರೆಯುವಾಗ ಅದು ಬರುವುದಿಲ್ಲ.

ಹೆಣ್ಣು ಇಕ್ಕಳ ಹಿಡಿಯಬಾರದು, ಆ ಮಣೆಯ ಮೇಲೆ ಕೂರಬಾರದು. ಯಾಕೆ ಎಂದು ಅತ್ತೆಯನ್ನು ಒಮ್ಮೆ ಕೇಳಿದೆ. ಬೆಂಕಿಯಿಂದ ಬಂದ ಕಬ್ಬಿಣಕ್ಕೆ ಹೆಣ್ಣಿನ ಕೈ ಸೋಕಬಾರದು ಎಂದಳು. ದಿನವಿಡೀ ಬಡಿಯುತ್ತೇನಲ್ಲ, ಅದು ಸೋಕಿದ ಹಾಗಲ್ಲವೇ ಎಂದೆ. ನಡುವೆ ಕಟ್ಟಿಗೆಯ ಹಿಡಿಕೆ ಇದೆಯಲ್ಲ, ನಡೆಯುತ್ತದೆ ಎಂದಳು. ತಿಂಗಳ ಮುಟ್ಟಿನಲ್ಲಿ ಸುತ್ತಿಗೆಯನ್ನೂ ಮುಟ್ಟುವಂತಿಲ್ಲ. ನನಗೆ ಸಿಕ್ಕ ರಜೆ ಅದೊಂದೇ. ಅದು ನಿಂತ ಮೇಲೆ ಅಮಾವಾಸ್ಯೆ ಮಾತ್ರ ಉಳಿಯಿತು, ಅವತ್ತು ಕುಲುಮೆಯೇ ಹೊತ್ತುವುದಿಲ್ಲ.

ಹೊಸ ಕಬ್ಬಿಣ ನಾವು ಎಂದೂ ಕೊಂಡವರಲ್ಲ. ಲಾರಿಯ ಕಮಾನ್ ಪಟ್ಟಿ, ಟ್ರ್ಯಾಕ್ಟರಿನ ಬೇರಿಂಗ್, ಮುರಿದ ನೇಗಿಲ ಕುಳ, ಬೋರಿನ ಪೈಪು, ಎಲ್ಲ ಗುಜರಿಯದು. ಅಫಜಲಪುರದ ಕಡೆ ಕಬ್ಬು ಸಾಗಿಸುವ ದಿನಗಳಲ್ಲಿ ಟ್ರ್ಯಾಕ್ಟರುಗಳಿಗೆ ತಾಳಲಾರದಷ್ಟು ಹೇರುತ್ತಾರೆ, ಹಿಂದಿನ ಗಾಡಿಯ ಪಟ್ಟಿಗಳು ಪಟಪಟ ಮುರಿಯುತ್ತವೆ. ಆಗ ನನ್ನ ಗಂಡ ಬಸ್ಸು ಹತ್ತಿ ಅಲ್ಲಿಯ ಗುಜರಿ ಅಂಗಡಿಗೆ ಹೋಗಿ ದಿನವೆಲ್ಲ ಕೂತು ಆರಿಸುತ್ತಿದ್ದ. ಒಂದೊಂದನ್ನೂ ಕಲ್ಲಿಗೆ ಬಡಿದು ದನಿ ಕೇಳಿ ತರುತ್ತಿದ್ದ. ತೊಗರಿ ಕೊಯ್ಯುವ ಕುಡುಗೋಲಿಗೆ ಒಂದು, ಜೋಳ ಕೊಯ್ಯುವುದಕ್ಕೆ ಇನ್ನೊಂದು. ತೊಗರಿಯ ಕಡ್ಡಿ ಕಟ್ಟಿಗೆಯಂತೆ ಗಟ್ಟಿ, ಸಾದಾ ಕುಡುಗೋಲಾದರೆ ಬಾಯಿ ಹೊರಳುತ್ತದೆ.

ಅವನ ಕೈ ಒಳ್ಳೆಯದಿತ್ತು. ಅದನ್ನು ಇಲ್ಲ ಎನ್ನುವುದಿಲ್ಲ. ಬೇರೆಯವರು ಕೊಡಲಿ ಮಾಡಿದರೆ ಅದು ಕೊಡಲಿ. ಇವನು ಮಾಡಿದರೆ ಹಿಡಿಕೆ ತೂರಿಸುವ ತೂತಿನ ಹತ್ತಿರ ಒಂದು ತಿರುವು ಇರುತ್ತಿತ್ತು, ಆಡಿನ ಕಿವಿಯ ಹಾಗೆ. ಬೈಕಿನ ಚೈನು ಕಾಯಿಸಿ ಒಂದುಗೂಡಿಸಿ ಚಾಕು ಮಾಡಿದರೆ ಅದರ ಮೇಲೆ ಹಾವಿನ ಹೊಟ್ಟೆಯಂಥ ಗೆರೆ ಏಳುತ್ತಿತ್ತು. ಬಾಗಿಲ ಚಿಲಕಕ್ಕೆ ಗಿಣಿಯ ತಲೆ. ಎಲ್ಲದರ ಮೇಲೂ ಕಡೆಗೆ ಉಳಿಯಿಂದ ಮೂರು ಚುಕ್ಕೆ ಒತ್ತುತ್ತಿದ್ದ. ಮೂರು ಚುಕ್ಕೆಯ ಮಾಲು ಎಂದರೆ ಆಳಂದ ಸಂತೆಯಲ್ಲಿ ಜನ ಕೇಳಿ ಒಯ್ಯುತ್ತಿದ್ದರು. ಸಂತೆಯಲ್ಲಿ ಚೀಲ ಹಾಸಿ ಕೂತು ಮಾರುತ್ತಿದ್ದವಳು ನಾನು. ಮಾರಬಹುದು, ಬಡಿಯಬಹುದು, ಗುಜರಿ ಹೊರಬಹುದು. ಹಿಡಿಯುವುದೊಂದು ಬಿಟ್ಟು.

ಆಮೇಲೆ ಅವನ ಕೈ ನಡುಗಲು ಹತ್ತಿತು. ಮೊದಲು ಚಹಾದ ಬಟ್ಟಲು ಹಿಡಿದಾಗ. ಆಮೇಲೆ ಇಕ್ಕಳ ಹಿಡಿದಾಗ. ಒಂದು ದಿನ ಕೆಂಪು ಕಬ್ಬಿಣ ಇಕ್ಕಳದಿಂದ ಜಾರಿ ನನ್ನ ಪಾದದ ಮೇಲೆ ಬಿತ್ತು. ಚರ್ಮ ಸುಟ್ಟು ಬಿಳಿಯಾಯಿತು.

"ಏಟು ಸೊಟ್ಟ ಹಾಕಿದಿ," ಎಂದು ನನ್ನನ್ನೇ ಬೈದ.

"ಇನ್ನಾ ಎತ್ತೇ ಇಲ್ರಿ ನಾ."

"ಎತ್ತಿದಿ."

ಕಲಬುರಗಿ ದವಾಖಾನೆಯಲ್ಲಿ ನರದ ಬೇನೆ ಎಂದರು, ಗುಳಿಗೆ ಕೊಟ್ಟರು. ನಡುಕ ಹೋಗಲಿಲ್ಲ. ಕುಲುಮೆ ತಣ್ಣಗಾಯಿತು. ಸುಗ್ಗಿ ಹತ್ತಿರ ಬಂದಿತ್ತು, ಬಾಗಿಲಿಗೆ ಬಂದವರನ್ನು ನಾಳೆ ಬರ್ರಿ, ನಾಡಿದ್ದು ಬರ್ರಿ ಎಂದು ಕಳಿಸುತ್ತಿದ್ದೆ.

ಅದೇ ದಿನಗಳಲ್ಲಿ ಮಗಳು ಗಂಡನ ಮನೆಯಿಂದ ಬಂದಳು. ಜೇವರ್ಗಿ ತಾಲೂಕಿನ ನೆಲೋಗಿಗೆ ಕೊಟ್ಟಿದ್ದೆವು. ಒಂದು ಚೀಲ ಹಿಡಿದುಕೊಂಡು ಬಸ್ಸಿಳಿದಳು. ಯಾಕೆ ಬಂದಳೆಂದು ಊರಿಗೆ ಹೇಳಲಿಲ್ಲ, ಇಲ್ಲೂ ಹೇಳುವುದಿಲ್ಲ. ತಿರುಗಿ ಹೋಗುವವಳಲ್ಲ ಎಂದು ಅವಳ ಚೀಲ ನೋಡಿಯೇ ನನಗೆ ತಿಳಿಯಿತು. ಅವಳ ಸೀರೆಗಳೆಲ್ಲ ಅದರಲ್ಲಿದ್ದವು.

ಬಂದವಳು ನಾಲ್ಕಾರು ದಿನ ಸುಮ್ಮನಿದ್ದಳು. ಒಂದು ಬೆಳಿಗ್ಗೆ ನಾನು ಜೋಳ ಬೀಸಿಸಿಕೊಂಡು ಗಿರಣಿಯಿಂದ ಬರುವಷ್ಟರಲ್ಲಿ ಕುಲುಮೆ ಹೊತ್ತಿಸಿ ಅಪ್ಪನ ಮಣೆಯ ಮೇಲೆ ಕೂತಿದ್ದಳು. ಕೈಯಲ್ಲಿ ಇಕ್ಕಳ.

"ಏಳ ಬೇ ಅಲ್ಲಿಂದ!" ಎಂದು ಅವಳಪ್ಪ ಹೊರಸಿನ ಮೇಲೆ ಮಲಗಿದಲ್ಲಿಂದಲೇ ಕೂಗಿದ.

"ಯಾಕ್ ಏಳ್ಲಿ? ನೀ ಬಂದು ಕುಂಡ್ರತಿ? ಬಾ ಮತ್ತ."

"ಮನಿಗಿ ಕೇಡು ತರ್ತಿ ನೀ."

"ಕೇಡು ಬಂದು ಕುಂತು ಯಾವ ಕಾಲಾತು ಯಪ್ಪಾ. ಹೊಸಾದೇನ್ ತರಲಿ ನಾ? ಅವ್ವಾ, ಸುತ್ತಿಗಿ ತಗೋ."

ನಾನು ಹಿಟ್ಟಿನ ಡಬ್ಬಿ ಇಳಿಸಿ ಸುತ್ತಿಗೆ ತಗೊಂಡೆ. ಅವಳು ತಟ್ಟಿದಳು, ನಾನು ಹಾಕಿದೆ. ಸಣ್ಣವಳಿದ್ದಾಗ ಅಪ್ಪನ ಬೆನ್ನ ಹಿಂದೆ ಕೂತು ಕುಲುಮೆಗೆ ಊದುವ ಗಾಳಿಯ ಚಕ್ರ ತಿರುಗಿಸಿದವಳು. ಅವಳ ಕೈಗೆ ಎಲ್ಲ ಗೊತ್ತಿತ್ತು. ಮೊದಲ ಕುಡುಗೋಲು ಸ್ವಲ್ಪ ದಪ್ಪ ಆಯಿತು. ಅವಳಪ್ಪ ಎದ್ದು ಬಂದು ನೋಡಿದ. ಬೈಯಲಿಲ್ಲ. ಒಂದೇ ಮಾತು ಹೇಳಿದ: "ಬಾಗಿಲ ಹಾಕ್ಕೊಂಡು ಮಾಡ್ರಿ."

ಹಾಗೆ ಶುರುವಾಯಿತು. ಬಾಗಿಲು ಹಾಕಿಕೊಂಡು ನಾವಿಬ್ಬರೂ ಹೊಗೆಯಲ್ಲಿ ಕೆಲಸ ಮಾಡುವುದು. ಯಾರಾದರೂ ಬಂದರೆ ಮಗಳು ಎದ್ದು ಅಡುಗೆಮನೆಗೆ ಹೋಗುವುದು, ಅವಳಪ್ಪ ಬಂದು ಮಣೆಯ ಮೇಲೆ ಕೂರುವುದು. ನಡುಗುವ ಕೈಯನ್ನು ತೊಡೆಯ ಕೆಳಗೆ ಒತ್ತಿಕೊಂಡು ಕೂತಿರುತ್ತಿದ್ದ. ಊರವರಿಗೆ ನಡುಕ ಗೊತ್ತಿರಲಿಲ್ಲ ಎಂದಲ್ಲ. ಕೆಲಸದ ಹೊತ್ತಿಗೆ ನಿಲ್ಲುತ್ತದೆ ಎಂದು ಅವನೇ ಸುದ್ದಿ ಹಬ್ಬಿಸಿದ್ದ, ಅವರೂ ನಂಬಿದ್ದರು. ನಂಬಿದರೆ ಅವರಿಗೂ ಅನುಕೂಲ. ಇಲ್ಲದಿದ್ದರೆ ಕುಡುಗೋಲಿಗೆ ಆಳಂದಕ್ಕೆ ಹೋಗಬೇಕು.

ನಿಂಬರ್ಗಾದ ಒಬ್ಬ ಗೌಡರು ಬಂದಿದ್ದು ನೆನಪಿದೆ. ತೊಗರಿ ಹೊಲ ಬಹಳ ಇದ್ದವರು. ಹೊಸ ಕುಡುಗೋಲನ್ನು ಹೆಬ್ಬೆರಳಿಗೆ ಹಚ್ಚಿ ನೋಡಿದರು.

"ಆಹಾ! ನಿನ್ನ ಕೈ ಅಂದ್ರ ಕೈ ಲೇ ಮಾರಾಯ. ನೆಲಕ್ಕ ಬಿದ್ರೂ ಬಾಯಿ ಹೊಳ್ಳಂಗಿಲ್ಲ."

"ತಮ್ಮ ಆಶೀರ್ವಾದ್ರಿ," ಎಂದ ನನ್ನ ಗಂಡ.

"ಕೇಳು, ಅಲ್ಲೆಲ್ಲೋ ಒಬ್ಬ ಕಮ್ಮಾರನ ಹೇಣ್ತಿ ತಾನ ಇಕ್ಕಳಾ ಹಿಡದಾಳಂತ. ಕಾಲ ಎಲ್ಲಿಗಿ ಬಂತು ನೋಡು. ಹೆಂಗಸು ಹಿಡದ ಕುಡಗೋಲ ಒಯ್ದು ಹೊಲಕ್ಕ ಇಟ್ರ ಕಾಳ ಬೀಳ್ತಾವೇನು?"

"ಎಲ್ಲಿ ಬೀಳ್ತಾವ್ರಿ," ಎಂದ ಇವನು.

ಅಡುಗೆಮನೆಯಲ್ಲಿ ಮಗಳು ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದಳು. ಗೌಡರು ಹೋದ ಮೇಲೂ ನಕ್ಕಳು. "ಯವ್ವಾ, ಗೌಡ್ರ ಹೊಲದಾಗ ಈ ಸಲ ಬರೇ ಕಡ್ಡಿ ನೋಡು!" ಆ ವರ್ಷ ಗೌಡರಿಗೆ ತೊಗರಿ ಚೆನ್ನಾಗಿಯೇ ಆಯಿತು. ನನಗೆ ನಗು ಬರಲಿಲ್ಲ.

ಅವಳು ಕುಡುಗೋಲು, ಕಳೆ ತೆಗೆಯುವ ಕುರ್ಪಿ, ಇಷ್ಟಕ್ಕೇ ನಿಲ್ಲಲಿಲ್ಲ. ನನಗೆ ಮೊಣಕಾಲು ಹಿಡಿದು ನೆಲದ ಮೇಲೆ ಕೂತು ಈಳಿಗೆಯಲ್ಲಿ ಕಾಯಿಪಲ್ಯ ಹೆಚ್ಚಲು ಆಗುತ್ತಿರಲಿಲ್ಲ. ಅದನ್ನು ನೋಡಿ ಅವಳು ಬೇರೆ ನಮೂನೆಯ ಈಳಿಗೆ ಮಾಡಿದಳು. ಕೆಳಗೆ ಕಟ್ಟಿಗೆಯ ಮಣೆ ಇಲ್ಲ. ಟ್ರ್ಯಾಕ್ಟರಿನ ದೊಡ್ಡ ಬೇರಿಂಗಿನ ಬಳೆಯೇ ಅದರ ಕಾಲು, ಜಾರುವುದಿಲ್ಲ, ಅಡುಗೆ ಕಟ್ಟೆಯ ಮೇಲಿಟ್ಟು ನಿಂತೇ ಹೆಚ್ಚಬಹುದು. ಬಳೆಯಿಂದ ಮೇಲಕ್ಕೆ ಲಾರಿಯ ಪಟ್ಟಿಯನ್ನು ಕೊಕ್ಕರೆಯ ಕತ್ತಿನಂತೆ ಬಾಗಿಸಿ ಎಳೆದಿದ್ದಳು. ಕತ್ತಿನ ಒಳಮೈಯೇ ಅಲಗು. ತುದಿಯಲ್ಲಿ ಕೊಕ್ಕು, ಅದು ಕಾಯಿ ತುರಿಯಲು. ಭೀಮಾ ಹೊಳೆಯಲ್ಲಿ ನೀರು ಇಳಿದಾಗ ಕೊಕ್ಕರೆ ಮೀನಿಗೆ ಕಾಯುತ್ತ ನಿಲ್ಲುತ್ತದಲ್ಲ, ಹಾಗೆ ನಿಲ್ಲುತ್ತಿತ್ತು ಅದು. ಆ ಕತ್ತು ಒಂದೇ ಕಾವಿನಲ್ಲಿ ಆಗುವಂಥದ್ದಲ್ಲ. ಸ್ವಲ್ಪ ಕಾಯಿಸು, ಸ್ವಲ್ಪ ಎಳೆ, ಮತ್ತೆ ಕಾಯಿಸು. ಅವಳಪ್ಪ ಅದನ್ನು ಕೈಗೆ ತಗೊಂಡು ಬಹಳ ಹೊತ್ತು ತಿರುಗಿಸಿದ. ಆಮೇಲೆ ಉಳಿ ತಗೊಂಡು ಬಾ ಎಂದ. ಮೂರು ಚುಕ್ಕೆಯನ್ನು ತಾನೇ ಒತ್ತಿದ, ನಡುಗುತ್ತಲೇ. ಚುಕ್ಕೆಗಳು ಸೊಟ್ಟಗೆ ಬಿದ್ದವು.

ಆಳಂದ ಸಂತೆಯಲ್ಲಿ ಅಂಥವನ್ನು ಇಟ್ಟುಕೊಂಡು ಕೂತಾಗ ಕಲಬುರಗಿಯ ಒಬ್ಬ ಮೇಡಂ ಬಂದು ನಿಂತರು. ಕುಶಲಕರ್ಮಿಗಳಿಗೆ ಸಹಾಯ ಮಾಡುವ ಯಾವುದೋ ಸಂಸ್ಥೆಯವರು. ಕನ್ನಡಕ ತೆಗೆದು ನೋಡಿದರು, ಹಾಕಿಕೊಂಡು ನೋಡಿದರು.

"ಯಾರು ಮಾಡ್ಯಾರ್ರೀ ಇದು?"

"ನಮ್ಮ ಮನಿಯಾಗ," ಎಂದೆ. ಸಂತೆಯಲ್ಲಿ ಅದಕ್ಕಿಂತ ಹೆಚ್ಚು ಹೇಳಿದರೆ ಮಾಲು ಹೋಗುವುದಿಲ್ಲ.

ಮುಂದಿನ ವಾರ ಜೀಪಿನಲ್ಲಿ ಮನೆಗೇ ಬಂದರು. ಜೊತೆಗೆ ಫೋಟೋ ತೆಗೆಯುವವನು. ಮಗಳು ಎದ್ದು ಚಹಾಕ್ಕೆ ಇಡಲು ಹೋದಳು. ಅವಳಪ್ಪ ಬಿಳಿ ಟೋಪಿ ಹಾಕಿಕೊಂಡು ಮಣೆಯ ಮೇಲೆ ಕೂತ.

"ಹಾಳು ಕಬ್ಬಿಣದಾಗ ಈ ಕೊಕ್ಕರಿ ಐತಿ ಅಂತ ನಿಮಗ ಹೆಂಗ ಹೊಳೀತು ಕಾಕಾ?" ಎಂದು ಮೇಡಂ ಕೇಳಿದರು.

"ಕಬ್ಬಿಣಾನ ಹೇಳ್ತದ್ರಿ ನನಗ. ನಾ ಕೇಳ್ತೇನಿ, ಅಷ್ಟ."

ಇಷ್ಟು ವರ್ಷದಲ್ಲಿ ಕಬ್ಬಿಣ ಅವನಿಗೆ ಮಾತು ಹೇಳಿದ್ದು ನಾನು ಕಂಡಿಲ್ಲ. ಟೀವಿಯಲ್ಲಿ ಯಾರೋ ಹೇಳಿದ್ದನ್ನು ಹಿಡಿದಿಟ್ಟುಕೊಂಡಿರಬೇಕು. ಮೇಡಂ ಕಣ್ಣು ಒದ್ದೆಯಾದವು. ಒಳ್ಳೆಯ ಹೆಂಗಸು, ಅವರ ಮೇಲೆ ನನಗೆ ಸಿಟ್ಟಿಲ್ಲ. ಆಮೇಲೆ ಅವರು ಬಂದ ಕೆಲಸ ಹೇಳಿದರು. ಇವನ ಹೆಸರಿನಲ್ಲಿ ಒಂದು ಶೆಡ್ಡು ಹಾಕಿಸುತ್ತಾರೆ. ಕರೆಂಟಿನಿಂದ ಬಡಿಯುವ ಮಷೀನು, ಗಾಳಿ ಊದುವ ಮಷೀನು ಕೊಡುತ್ತಾರೆ. ಮಾಲನ್ನು ದೊಡ್ಡ ಊರುಗಳಿಗೆ ಕಳಿಸುತ್ತಾರೆ. ಆದರೆ ವಯಸ್ಸಾಗಿದೆ, ಮುಂದೆ ನಡೆಸಿಕೊಂಡು ಹೋಗುವವರು ಒಬ್ಬರು ಬೇಕು.

"ನಿಮ್ಮ ಹಿಂದ ಈ ಕೆಲಸ ಯಾರು ಹಿಡೀತಾರ? ಅವರ ಹೆಸರಿಗೇ ಎಲ್ಲಾ ಮಾಡಿಕೊಡ್ತೇವಿ."

ಮಗಳು ಚಹಾದ ತಾಟು ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದಳು. ಅವಳ ಕೈಯ ಮೇಲೆ ಕಿಡಿ ಸಿಡಿದ ಕಪ್ಪು ಕಲೆಗಳು. ನೋಡುವವರಿಗೆ ಎಲ್ಲ ಅಲ್ಲೇ ಇತ್ತು. ಗಂಡನ ಮನೆ ಬಿಟ್ಟು ಬಂದವಳಿಗೆ ಒಂದು ಜಾಗ ಸಿಗುವುದಾದರೆ ಅವತ್ತು, ಆ ಬಾಯಿಂದ. ನಾನು ಅವನ ಮುಖ ನೋಡಿದೆ. ಅವನು ನನ್ನನ್ನೂ ನೋಡಲಿಲ್ಲ, ಅವಳನ್ನೂ ನೋಡಲಿಲ್ಲ.

"ನಮ್ಮ ತಮ್ಮನ ಮಗ ಅದಾನ್ರಿ," ಎಂದ. "ಆಳಂದದಾಗ ವೆಲ್ಡಿಂಗ್ ಅಂಗಡಿ ಹಾಕ್ಯಾನ. ಅಂವಗ ಎಲ್ಲಾ ಕಲಿಸೇನಿ."

ಮಗಳು ಚಹಾ ಕೊಟ್ಟಳು. ಒಂದು ಹನಿಯೂ ತುಳುಕಲಿಲ್ಲ.

ಜೀಪು ಹೋದ ಮೇಲೆ ನಾನು ಬಾಯಿ ಬಿಟ್ಟೆ. ನನ್ನ ಬಾಯಿ ಒಳ್ಳೆಯದಲ್ಲ, ಊರಿಗೆಲ್ಲ ಗೊತ್ತು.

"ಆ ಹುಡುಗ ಎಂದಾದ್ರೂ ಕುಲಿಮಿ ಮುಂದ ಕುಂತಾನೇನ್ರಿ? ಗೇಟಿಗಿ ವೆಲ್ಡಿಂಗ್ ಹಚ್ಚೋನು. ಕಾದದ್ದು ಯಾವುದು, ಆರಿದ್ದು ಯಾವುದು ಅಂತ ಗೊತ್ತೇನು ಅಂವಗ?"

"ಕಲೀತಾನ."

"ಕಲತಾಕಿ ಮನ್ಯಾಗ ಅದಾಳಲ್ಲ."

"ಆಕಿ ನಾಳಿ ನೆಲೋಗಿಗಿ ಹೋಗ್ತಾಳ. ಇಲ್ಲಾ ಮತ್ತೊಂದ ಮನಿ ಮಾಡ್ತಾಳ. ಶೆಡ್ಡು, ಮಷೀನು ಯಾರ ಮನಿಗಿ ಹೋಗಬೇಕು? ನಮ್ಮ ಮನೆತನದ ಹೆಸರು ಏನಾಗಬೇಕು?"

ಮಗಳು ಬೂದಿ ತುಂಬುತ್ತಿದ್ದಳು. ತಲೆ ಎತ್ತದೆ ಹೇಳಿದಳು: "ಹೆಸರು ನಿಂದ ಇರ್ಲಿ ಯಪ್ಪಾ. ಮಷೀನೂ ಬ್ಯಾಡ. ಹಿಡಿಯಾಕಿ ನನ್ನ ಮಗಳು ಅಂತ ಒಂದ ಮಾತು ಅಂದಿದ್ರ ಸಾಕಿತ್ತು."

"ಅಂದ್ರ ಗೌಡ್ರು ಮೂರು ಚುಕ್ಕಿ ಮಾಲು ಮುಟ್ಟತಾರ? ಇದ್ದ ಬದುಕೂ ಹೋಗ್ತದ."

ಅದು ಸುಳ್ಳಲ್ಲ. ಅದು ಸುಳ್ಳಾಗಿದ್ದರೆ ನಾನು ಇನ್ನೂ ಜಗಳಾಡುತ್ತಿದ್ದೆ.

ಮೈದುನನ ಮಗ ಬಂದ. ಕೆಟ್ಟವನಲ್ಲ. ನನ್ನ ಕಾಲಿಗೆ ಬಿದ್ದು, "ದೊಡ್ಡವ್ವಾ, ನೀವು ಹೇಳಿದಂಗ ಮಾಡ್ತೇನಿ" ಎಂದ. ಕೈಗೆ ಗಡಿಯಾರ ಕಟ್ಟಿಕೊಂಡೇ ಇಕ್ಕಳ ಹಿಡಿದ. ಕಾವು ಸಹಿಸಲಾರದೆ ಮುಖ ಆ ಕಡೆ ತಿರುಗಿಸುತ್ತಿದ್ದ. ಕಬ್ಬಿಣದ ಕೆಲಸದಲ್ಲಿ ಮುಖ ತಿರುಗಿಸಿದವನಿಗೆ ಬಣ್ಣ ಕಾಣುವುದಿಲ್ಲ. ಲಾರಿಯ ಪಟ್ಟಿ ಕಿತ್ತಳೆ ಬಣ್ಣಕ್ಕೆ ಬಂದಾಗ ಹೊರಗೆ ತೆಗೆಯಬೇಕು, ಕಪ್ಪುಗೆಂಪಿಗೆ ಇಳಿಯುವ ಮೊದಲೇ ಮತ್ತೆ ಒಳಗಿಡಬೇಕು. ಆರಿದ ಪಟ್ಟಿಯನ್ನು ಬಡಿದರೆ ಬಾಗುವುದಿಲ್ಲ, ಸೀಳುತ್ತದೆ. ಇದು ಅವನಿಗೆ ಹೇಳಿದ್ದು ಮಗಳೇ, ಬಾಗಿಲ ಹಿಂದೆ ನಿಂತು. ಹೂಂ ಅಕ್ಕಾ, ಹೂಂ ಅಕ್ಕಾ ಎಂದ.

ಮೇಡಂ ಎರಡನೇ ಸಲ ಬಂದದ್ದು ಅವನ ಕೆಲಸ ನೋಡಲು. ಕಣ್ಣ ಮುಂದೆ ಒಂದು ಕೊಕ್ಕರೆ ಕತ್ತು ಎಳೆದು ತೋರಿಸಲಿ, ಕಾಗದ ಮಾಡಿಸಿಬಿಡುತ್ತೇವೆ ಎಂದರು. ಓಣಿಯ ಜನ ಕಿಟಕಿಗೆ ಬಂದು ನಿಂತರು. ಅವನು ಮಣೆಯ ಮೇಲೆ, ಅವನ ದೊಡ್ಡಪ್ಪ ಪಕ್ಕದಲ್ಲಿ ಕುರ್ಚಿಯ ಮೇಲೆ, ನಾನು ಎದುರಿಗೆ ಸುತ್ತಿಗೆ ಹಿಡಿದು. ಮಗಳು ಗಾಳಿಯ ಚಕ್ರ ತಿರುಗಿಸುತ್ತಿದ್ದಳು. ಅದಕ್ಕೆ ಅಡ್ಡಿಯಿಲ್ಲವಲ್ಲ.

ಕಾದ ಪಟ್ಟಿ ಹೊರಗೆ ಬಂತು. ಅವನು ತಟ್ಟಿದ. ನಾನು ಹಾಕಿದೆ. ಕತ್ತನ್ನು ತುದಿಯಿಂದ ಎಳೆಯಬೇಕು, ಇವನು ನಡುವೆ ತಟ್ಟಿದ. ನಾನು ನಡುವೆಯೇ ಹಾಕಿದೆ. ಗಾಬರಿಯಲ್ಲಿ ಜೋರಾಗಿ ತಟ್ಟಿದ, ನಾನು ಜೋರಾಗಿ ಹಾಕಿದೆ. ಕಬ್ಬಿಣ ಕಪ್ಪಾಗುತ್ತಿತ್ತು. ಮಗಳು ಚಕ್ರ ನಿಲ್ಲಿಸಿ ಅವನನ್ನೇ ನೋಡುತ್ತಿದ್ದಳು, ಒಳಗಿಡು ಒಳಗಿಡು ಎಂದು ಅವಳ ತುಟಿ ಅಲುಗುತ್ತಿದ್ದವು. ಅವನು ಅಡಿಗಲ್ಲಿಗೆ ತಟ್ಟಿ ನಿಲ್ಲಿಸುತ್ತಾನೆಂದು ನಾನು ಕಾಯಲಿಲ್ಲ. ಅವನು ತೋರಿಸಿದಲ್ಲೆಲ್ಲ ಹಾಕಿದೆ. ನನಗೆ ಕಲಿಸಿದ್ದೇ ಅದು. ಪಟ್ಟಿ ಟಕ್ ಎಂದು ಸೀಳಿತು. ಒಂದು ತುಂಡು ಹಾರಿ ಹೋಗಿ ಗೋಡೆಗೆ ಬಡಿಯಿತು. ಫೋಟೋದವನು ಕ್ಯಾಮೆರಾ ಎದೆಗೆ ಅವುಚಿಕೊಂಡು ಕೂತುಬಿಟ್ಟ.

ಮೇಡಂ ಎದ್ದು ನಿಂತರು. "ಏನಾತ್ರಿ ಕಾಕಾ?"

ಇದು ಎರಡನೇ ಸಲ ನನ್ನ ಗಂಡನ ಬಾಯಿಗೆ ಬಂದ ಅವಕಾಶ. ಅವನು ಕುರ್ಚಿಯಿಂದ ನನ್ನ ಕಡೆ ಕೈ ತೋರಿಸಿದ. ಕೈ ಗಡಗಡ ನಡುಗುತ್ತಿತ್ತು.

"ನನ್ನ ಹೇಣ್ತಿ ಏಟು ತಪ್ಪಿತ್ರಿ. ವಯಸ್ಸಾತು ನೋಡ್ರಿ ಆಕಿಗಿ. ತೋಳಿನ್ಯಾಗ ಮೊದಲಿನಂಗ ತ್ರಾಣಿಲ್ಲ."

ಅಲ್ಲಿಯವರೆಗೆ ನನ್ನ ಏಟನ್ನು ಹೊರಗಿನವರ ಮುಂದೆ ಯಾರೂ ತಪ್ಪು ಎಂದಿರಲಿಲ್ಲ. ಹೊಗಳಿದವರೂ ಇರಲಿಲ್ಲ, ಅದು ಬೇರೆ. ನಾನು ಸುತ್ತಿಗೆ ಕೆಳಗಿಟ್ಟೆ.

"ಮೇಡಮ್ಮಾರ," ಎಂದೆ, "ಇವರ ಕೈ ನಡುಗಾಕತ್ತಿ ಭಾಳ ದಿನಾತ್ರಿ. ಈ ಹುಡುಗ ಕುಲಿಮಿ ಮುಟ್ಟಿದ್ದು ಮೊನ್ನಿ. ನೀವು ಕಣ್ಣಾಗ ನೀರ ತಂದ್ರಲ್ಲ, ಆ ಕೊಕ್ಕರಿ ಮಾಡಿದಾಕಿ ಇಲ್ಲಿ ಕುಂತಾಳ. ನನ್ನ ಮಗಳು. ಇಕ್ಕಳ ಆಕಿ ಕೈಯಾಗ ಕೊಡ್ರಿ, ನಾ ಬಡೀತೇನಿ. ಏಟು ತಪ್ಪತದೇನು ನೋಡ್ರಿ."

ಕಿಟಕಿಯಲ್ಲಿ ಜನ ಗುಸುಗುಸು ಎಂದರು. ನನ್ನ ಗಂಡ ಏನೋ ಹೇಳಲು ಹೋದ. ತುಟಿ ಕೂಡಲಿಲ್ಲ, ಗದ್ದವೂ ನಡುಗಲು ಹತ್ತಿತ್ತು. ಮೇಡಂ ಮಗಳ ಹತ್ತಿರ ಹೋಗಿ ಕೂತರು. ನಿಜವಾಗಿಯೂ ಅಕ್ಕರೆಯಿಂದ ಕೇಳಿದರು.

"ಖರೇ ಏನವ್ವಾ? ಹೆದರಬ್ಯಾಡ, ಹೇಳು. ನೀ ಮಾಡಿದ್ದಾ?"

ಮಗಳು ಅಪ್ಪನನ್ನು ನೋಡಿದಳು. ಆಮೇಲೆ ಕಿಟಕಿಯ ಜನರನ್ನು.

"ಇಲ್ರಿ," ಎಂದಳು. "ಅಪ್ಪಾನ ಮಾಡ್ಯಾನ್ರಿ. ಅವ್ವಗ ಸಿಟ್ಟು ಬಂದದ, ಅದಕ್ಕ ಹಂಗಂತಾಳ."

ಮೇಡಂ ನನ್ನ ಕಡೆ ನೋಡಿದ ನೋಟ ಇನ್ನೂ ಕಣ್ಣ ಮುಂದಿದೆ. ಕನಿಕರ. ತಾಯಿ ಮಗಳಿಗಾಗಿ ಸುಳ್ಳು ಹೇಳುತ್ತಾಳೆ, ಇದ್ದದ್ದೇ, ಎನ್ನುವ ಕನಿಕರ. ನನ್ನ ಭುಜ ತಟ್ಟಿ, "ಬಿಡ್ರಿ ಅಮ್ಮಾ, ಮಷೀನ್ ಬಂದ್ರ ಬಡಿಯೋ ತ್ರಾಸ ನಿಮಗಿರಂಗಿಲ್ಲ" ಎಂದರು. ಅವತ್ತೇ ಕಾಗದದ ಮೇಲೆ ಹುಡುಗನ ಸಹಿ ಆಯಿತು.

ಜನ ಕರಗಿದ ಮೇಲೆ ನಾನು ಅವಳ ಜಡೆ ಹಿಡಿದು ಎಳೆದೆ. ಅಷ್ಟು ವಯಸ್ಸಿನ ಮಗಳನ್ನು ಹೊಡೆಯಬಾರದು. ಹೊಡೆದೆ.

"ಯಾಕಂದಿ ಬೇ? ನನ್ನ ಸುಳ್ಳ ಮಾಡಿ ನಿನಗೇನ ಸಿಕ್ತು?"

"ಅವನ ಕೈ ನಡುಗೋದು ಎಲ್ಲಾರೂ ನೋಡಿದ್ರು ಯವ್ವಾ," ಎಂದಳು, ಜಡೆ ಬಿಡಿಸಿಕೊಳ್ಳುತ್ತ. "ಬಾಯಿ ನಡುಗೋದೂ ನೋಡಬೇಕಿತ್ತೇನು?"

ಅವಳಿಗೆ ಅಪ್ಪನ ಬಾಯಿ ಕಂಡಿತು. ನನ್ನ ತೋಳು ಕಾಣಲಿಲ್ಲ. ನನಗೆ ಗಂಡನ ಮೇಲೆ ಇರುವುದಕ್ಕಿಂತ ಹೆಚ್ಚು ಸಿಟ್ಟು ಅವಳ ಮೇಲಿದೆ, ಇವತ್ತಿಗೂ. ಅವನು ಅವನ ಹಾಗೆಯೇ ಮಾಡಿದ. ಇವಳು ಮಾಡಬಾರದಿತ್ತು.

ಶೆಡ್ಡು ಸರಸಂಬಾದಲ್ಲಿ ಆಗಲಿಲ್ಲ. ಕರೆಂಟು ಸರಿ ಇರುವುದಿಲ್ಲ ಎಂದು ಆಳಂದದಲ್ಲಿ, ಹುಡುಗನ ಅಂಗಡಿಯ ಹಿಂದಿನ ಜಾಗದಲ್ಲಿ ಆಯಿತು. ಟೆಂಪೋ ತಂದು ಅಡಿಗಲ್ಲು, ಇಕ್ಕಳಗಳು, ಉಳಿಗಳು ಎಲ್ಲ ಒಯ್ದರು. ದೊಡ್ಡ ಸುತ್ತಿಗೆ ಮಾತ್ರ ಬಿಟ್ಟುಹೋದರು, ಅದು ಅವರಿಗೆ ಬೇಕಿರಲಿಲ್ಲ. ನಾನು ಅದನ್ನು ಗುಜರಿಯವನಿಗೆ ಹಾಕಿದೆ. ಉದ್ಘಾಟನೆಗೆ ನನ್ನ ಗಂಡನನ್ನು ಕುರ್ಚಿಯಲ್ಲಿ ಕೂರಿಸಿ ಶಾಲು ಹೊದಿಸಿದರು. ನಾನು ಹೋಗಲಿಲ್ಲ, ತಲೆನೋವು ಎಂದೆ. ಮಾಲಿಗೆ ಈಗ ದಾರದಲ್ಲಿ ಒಂದು ಚೀಟಿ ಕಟ್ಟುತ್ತಾರೆ, ಅದರ ಮೇಲೆ ಟೋಪಿ ಹಾಕಿದ ಅವನ ಮುಖ ಇದೆ.

ಮಗಳು ಆ ಮಳೆಗಾಲವೆಲ್ಲ ಕಂಡವರ ತೊಗರಿಯಲ್ಲಿ ಕಳೆ ತೆಗೆಯಲು ಹೋದಳು. ನನ್ನ ಜೊತೆ ಮಾತು ಕಡಿಮೆ. ನಾನೂ ಆಡಿಸಲಿಲ್ಲ.

ದೀಪಾವಳಿ ಮುಗಿದ ಮೇಲೆ ಹುಡುಗ ಬಂದ. ಮುಖ ಬಾಡಿತ್ತು. ದೊಡ್ಡ ಊರಿನವರು ಮಾಲು ತಿರುಗಿ ಕಳಿಸುತ್ತಿದ್ದಾರಂತೆ. ಮಷೀನು ಬಡಿಯುತ್ತದೆ, ಆದರೆ ಕತ್ತು ಬರುವುದಿಲ್ಲ. ಬಂದದ್ದು ಕೊಕ್ಕರೆಯಲ್ಲ, ಕೊಕ್ಕೆ.

"ಅಕ್ಕಾ, ನೀ ಬಾ. ಹಿಂದಿನ ಖೋಲ್ಯಾಗ ಮಾಡು. ಶಟರ್ ಇಳಿಸಿರ್ತೇನಿ, ಯಾರೂ ನೋಡಂಗಿಲ್ಲ. ತಿಂಗಳಾ ಪಗಾರ ಕೊಡ್ತೇನಿ."

"ಹೋಗವ್ವ," ಎಂದ ಅವಳಪ್ಪ ಹೊರಸಿನಿಂದ. "ಮನಿ ಕೆಲಸಾನ ಅಲ್ಲೇನು ಅದು."

"ನನ್ನ ಗುರುತು ಹಾಕ್ಲಾ?" ಎಂದು ಕೇಳಿದಳು ಮಗಳು. "ಬ್ಯಾರೆ ಏನೂ ಬ್ಯಾಡ. ಮೂರು ಚುಕ್ಕಿ ಮಗ್ಗಲಾಗ ಒಂದ ಗೀಟು."

ಹುಡುಗ ದೊಡ್ಡಪ್ಪನ ಮುಖ ನೋಡಿದ. ದೊಡ್ಡಪ್ಪ ಚಾವಣಿ ನೋಡಿದ. "ಚೀಟಿ ಎಲ್ಲಾ ಛಾಪಿಸಿಬಿಟ್ಟೇವಿ ಅಕ್ಕಾ," ಎಂದ ಹುಡುಗ. "ಈಗ ಗುರುತು ಬದಲ್ ಮಾಡಾಕ ಬರಂಗಿಲ್ಲ."

"ಆಗಂಗಿಲ್ಲ ಅಂತ ಹೇಳಿ ಕಳಸು," ಎಂದೆ ನಾನು. "ಕಳೆ ತಗಿಯೋದ್ರಾಗ ಏನ್ ಕಡಿಮಿ ಆಗ್ಯದ?"

ಅವಳು ಎದ್ದು ರೊಟ್ಟಿಯ ಹಿಟ್ಟು ನಾದಲು ಕೂತಳು. ಮರುದಿನ ಬೆಳಿಗ್ಗೆ ಹಳೆಯ ಸೀರೆ ಉಟ್ಟು, ರೊಟ್ಟಿ ಕಟ್ಟಿಕೊಂಡು ಹೊರಟಳು. ಬಾಗಿಲಲ್ಲಿ ತಡೆದೆ.

"ಮಾನ ಮರ್ಯಾದಿ ಇಲ್ಲೇನ್ ಬೇ ನಿನಗ? ಯಾಕ್ ಹೊಂಟಿ?"

"ಇಕ್ಕಳ ಅಲ್ಲೇ ಅದಾವಲ್ಲ ಯವ್ವಾ," ಎಂದಳು. ಚಪ್ಪಲಿ ಮೆಟ್ಟಿ ಹೋದಳು.

ಈಗ ದಿನಾ ಹೋಗುತ್ತಾಳೆ. ಸಂಜೆ ಬಸ್ಸಿಳಿದು ಬರುತ್ತಾಳೆ, ಮೈಯೆಲ್ಲ ಇದ್ದಿಲ ವಾಸನೆ. ಮುಖ ತೊಳೆದು ಅಪ್ಪನ ಹೊರಸಿನ ಹತ್ತಿರ ಕೂರುತ್ತಾಳೆ. ಇವತ್ತೇನು ಮಾಡಿದಿ ಎಂದು ಅವನು ಕೇಳುತ್ತಾನೆ. ಅವಳು ಹೇಳುತ್ತಾಳೆ, ಎಷ್ಟು ಕಾ‌ಯಿಸಿದೆ, ಎಲ್ಲಿ ಬಾಗಿಸಿದೆ. ಅವನು ನಡುಗುವ ಬೆರಳಿನಿಂದ ಗಾಳಿಯಲ್ಲಿ ಗೆರೆ ಎಳೆದು, ಹಿಂಗಲ್ಲ ಹಿಂಗ ಎನ್ನುತ್ತಾನೆ. ಅವಳು ಹೂಂ ಎನ್ನುತ್ತಾಳೆ. ಒಮ್ಮೊಮ್ಮೆ ಇಬ್ಬರೂ ನಗುತ್ತಾರೆ. ನಾನು ಒಳಗೆ ಹೋಗಿ ಅನ್ನಕ್ಕೆ ಇಡುತ್ತೇನೆ. ಏನು ಮಾಡಿದಳು ಎಂದು ನಾನು ಕೇಳುವುದಿಲ್ಲ, ಅವಳೂ ನನಗೆ ಹೇಳುವುದಿಲ್ಲ.